ಎಂಟು ವರ್ಷ ಎಂದು ಹೇಳಿದವನು

ಎಂಟು ವರ್ಷ ಎಂದು ಹೇಳಿದವನು ನಾನು. ಇಷ್ಟು ಮಾತ್ರ ಖಚಿತ. ಉಳಿದದ್ದನ್ನು ಈಗ ಹೇಗೆ ನೆನಪಾಗುತ್ತದೋ ಹಾಗೆ ಬರೆಯುತ್ತೇನೆ. ಹೋದ ವರ್ಷ ಬರೆದಿದ್ದರೆ ಬೇರೆ ಥರ ಬರೆಯುತ್ತಿದ್ದೆ.

ಆಸ್ಪತ್ರೆಯ ಹೊರರೋಗಿಗಳ ಕೋಣೆ. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ನಾನು ಅವಳ ಹಿಂದೆ ಫೈಲು ಹಿಡಿದು ನಿಂತಿದ್ದೆ. ಅಥವಾ ನಾನು ಕೂತಿದ್ದೆ, ಅವಳು ನಿಂತಿದ್ದಳು. ಹಾಗಿದ್ದರೆ ನಾಚಿಕೆಯ ಸಂಗತಿ. ಅದಕ್ಕೇ ನೆನಪು ನಮ್ಮಿಬ್ಬರ ಜಾಗ ಬದಲಿಸಿ ಇಟ್ಟುಕೊಂಡಿರಬಹುದು. ಮೇಜಿನ ಆಚೆ ಒಬ್ಬ ಕಿರಿಯ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಕಾಗದದಿಂದ ಕಣ್ಣೆತ್ತದೆ ಹಿಂದಿಯಲ್ಲಿ ಕೇಳಿದರು: ದಣಿವು ಯಾವಾಗಿನಿಂದ?

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿಬಿಟ್ಟೆ: "ಆಠ್ ಸಾಲ್ ಸೆ."

ಡಾಕ್ಟರು ತಲೆ ಎತ್ತಿದರು. ಅಕ್ಕನ ಮುಖ, ಉಗುರು, ಕಣ್ಣಿನ ಕೆಳರೆಪ್ಪೆ ಎಲ್ಲ ನೋಡಿದರು. ನನಗೆ ಬೇಕಾಗಿದ್ದದ್ದೂ ಅದೇ. ಆಮೇಲೆ ಬಗ್ಗಿ ಬರೆದುಕೊಂಡರು. ಆ ಒಂದು ಸಾಲು ಅಕ್ಕನ ಗಂಟಲಿಗೇ ಬಂದು ಕೂರುತ್ತದೆಂದು ಆಗ ನಮಗಾರಿಗೂ ತಿಳಿಯಲಿಲ್ಲ.

ಎಂಟೇ ಏಕೆ ಎಂದರೆ, ಅದು ನಮ್ಮ ಅವ್ವನ ಲೆಕ್ಕ. ನಮ್ಮ ಊರು ವಿಜಯಪುರದ ಕಡೆ. ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಜ್ವರ ನಿನ್ನೆಯಿಂದ ಎಂದವರಿಗೆ ಒಂದು ಬಿಳಿ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಎಂಟು ದಿನದಿಂದ ಎಂದವರ ಎದೆಗೆ ಮಾತ್ರ ಡಾಕ್ಟರು ನಳಿಗೆ ಇಡುತ್ತಿದ್ದರು. ಅವ್ವ ಇದನ್ನು ಬೇಗ ಕಂಡುಕೊಂಡಿದ್ದಳು. ಸರದಿಯಲ್ಲಿ ನಿಂತಾಗಲೇ ನಮ್ಮ ಕಿವಿಯಲ್ಲಿ ಹೇಳುತ್ತಿದ್ದಳು: "ಡಾಕ್ಟರ ಮುಂದ ಸಣ್ಣದ ಹೇಳಬ್ಯಾಡ್ರಿ. ಸಣ್ಣದ ಹೇಳಿದ್ರ ಸಣ್ಣ ಔಷಧ ಕೊಡತಾರ." ಆ ಸರದಿಯಲ್ಲಿ ನಿಂತವರೆಲ್ಲ ಹೀಗೇ ದೊಡ್ಡದು ಹೇಳುತ್ತಿದ್ದರು. ಡಾಕ್ಟರಿಗೂ ಇದು ಗೊತ್ತಿತ್ತು, ಅವರು ಮನಸ್ಸಿನಲ್ಲೇ ಅರ್ಧಕ್ಕೆ ಇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಊರಿನ ಆ ವ್ಯವಹಾರದಲ್ಲಿ ಯಾರಿಗೂ ಮೋಸ ಆಗುತ್ತಿರಲಿಲ್ಲ. ಮುಂಬಯಿಯಲ್ಲಿ ಯಾರೂ ಅರ್ಧಕ್ಕೆ ಇಳಿಸುವುದಿಲ್ಲ. ಹೇಳಿದ್ದನ್ನು ಹಾಗೇ ಕಂಪ್ಯೂಟರಿಗೆ ಹಾಕುತ್ತಾರೆ.

ನಾನು ಮಾಡುವ ಕೆಲಸದ ಬಗ್ಗೆಯೂ ಹೇಳಬೇಕು. ಸಾಂತಾಕ್ರೂಜ್‌ನ ಒಂದು ಆಫೀಸಿನಲ್ಲಿ ಜಾಹೀರಾತುಗಳನ್ನು ಕನ್ನಡಕ್ಕೆ ಮಾಡುತ್ತೇನೆ. ಉಳಿದ ವೇಳೆಯಲ್ಲಿ ಕಥೆ ಬರೆಯುತ್ತೇನೆ. ಮೊದಲು ಆದದ್ದು ಮೊದಲು ಬರಬೇಕಿಲ್ಲ ಎಂದು ಹಟ ಹಿಡಿದ ಕಥೆಗಳು, ಅದಕ್ಕೇ ಅವನ್ನು ಓದುವವರು ಕಡಿಮೆ. ವಿಮಾ ಕಂಪನಿಗಳ ಜಾಹೀರಾತುಗಳನ್ನೂ ಎಷ್ಟೋ ಮಾಡಿದ್ದೇನೆ. ಕೊನೆಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸುವ 'ನಿಯಮ ಮತ್ತು ಷರತ್ತುಗಳು ಅನ್ವಯಿಸುತ್ತವೆ' ಎಂಬ ಸಾಲು ನನ್ನ ಕೈಯಿಂದ ಎಷ್ಟು ಸಲ ಹೋಗಿದೆಯೋ. ಆ ನಿಯಮಗಳು ಯಾವುವು ಎಂದು ಒಮ್ಮೆಯೂ ಓದಿರಲಿಲ್ಲ.

ಅಕ್ಕ ಇರುವುದು ಭಾಂಡುಪ್‌ನಲ್ಲಿ. ಅವಳು ಕೆಲಸಕ್ಕೆ ಹೋಗುವ ಗಾಳಾ, ಅಂದರೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕೋಣೆಯ ಕಾರ್ಖಾನೆ, ಮನೆಯಿಂದ ಹದಿನೈದು ನಿಮಿಷದ ದಾರಿ. ಅಲ್ಲಿ ಔಷಧದ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕುತ್ತಾರೆ. ಅಕ್ಕನ ಕೆಲಸ ಅಚ್ಚಾದದ್ದನ್ನು ನೋಡುವುದು. ಟ್ಯೂಬ್‌ಲೈಟಿನ ಕೆಳಗೆ ಕೂತು ಪೆಟ್ಟಿಗೆಗಳನ್ನು ಇಸ್ಪೀಟಿನ ಎಲೆಯ ಹಾಗೆ ಬೆರಳಲ್ಲಿ ಓಡಿಸುತ್ತಾಳೆ. ಬೆಲೆಯ ಸಾಲು ವಾರೆಯಾಗಿದ್ದರೆ, ಒಂದು ಅಂಕಿ ಮಸುಕಾಗಿದ್ದರೆ, ತೆಗೆದು ಪಕ್ಕದ ಡಬ್ಬಕ್ಕೆ ಒಗೆಯುತ್ತಾಳೆ. ಒಂದು ದಿನ ಅಲ್ಲಿ ಕೂತು ನೋಡಿದ್ದೇನೆ. ಅವಳ ಕಣ್ಣು ಓದುವುದಿಲ್ಲ, ಹಿಡಿಯುತ್ತದೆ.

ಸರ್ಕಾರದ ಬಗ್ಗೆ ನನಗಿಂತ ಹೆಚ್ಚು ಅವಳಿಗೆ ಗೊತ್ತಿತ್ತು, ಅದೂ ಬೆರಳಿನ ಮೂಲಕ. ಕೆಲವು ಔಷಧಗಳು ಸರ್ಕಾರದ ಒಂದು ಪಟ್ಟಿಯಲ್ಲಿರುತ್ತವೆ. ಪಟ್ಟಿಯಲ್ಲಿರುವ ಔಷಧಕ್ಕೆ ಇಷ್ಟೇ ಬೆಲೆ, ಇದಕ್ಕಿಂತ ಒಂದು ಪೈಸೆ ಮೇಲೆ ಹೋಗುವಂತಿಲ್ಲ ಎಂದು ದಿಲ್ಲಿಯಿಂದ ಆದೇಶ ಬರುತ್ತದೆ. ಬೆಲೆ ಇಳಿಸಿದ ಆದೇಶ ಬಂದರೆ, ಅಚ್ಚಾಗಿ ಬಿದ್ದ ಪೆಟ್ಟಿಗೆಗಳೆಲ್ಲ ಗಾಳಾಕ್ಕೆ ವಾಪಸು ಬರುತ್ತವೆ. ಹಳೆಯ ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಬೇಕು.

"ದಿಲ್ಲ್ಯಾಗ ಯಾರೋ ಒಬ್ಬಾಂವ ಸಹಿ ಮಾಡತಾನ," ಅನ್ನುತ್ತಿದ್ದಳು ಅಕ್ಕ, "ಇಲ್ಲೆ ಭಾಂಡುಪಿನ್ಯಾಗ ನಮ್ಮ ಬೆರಳಿಗೆಲ್ಲ ಗೋಂದ."

ಅವಳು ಇದನ್ನು ಬೇಸರದಿಂದ ಹೇಳುತ್ತಿರಲಿಲ್ಲ. ಒಂದು ಸಲ ಹಾಗೆ ಚೀಟಿ ಅಂಟಿದ ಪೆಟ್ಟಿಗೆಯೊಂದನ್ನು ಮನೆಗೆ ತಂದು ನನಗೆ ತೋರಿಸಿದಳು. ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿ ಕೆಳಗಿನ ಅಂಕಿ ತೋರಿಸಿ ಮತ್ತೆ ಒತ್ತಿದಳು. "ನೋಡು. ಮ್ಯಾಲಿನದು ಕಡಿಮಿ. ಇದನ್ನ ತಗೊಳ್ಳವರಿಗೆ ಗೊತ್ತ ಇಲ್ಲ, ಯಾರೋ ಇವರ ಸಲುವಾಗಿ ಕುಂತು ವಿಚಾರ ಮಾಡ್ಯಾರಂತ." ನಾನು ಆಗ ನಕ್ಕಿದ್ದೆ ಅನ್ನಿಸುತ್ತದೆ. ಸರ್ಕಾರ ವಿಚಾರ ಮಾಡುತ್ತದೆ ಎಂದರೆ ನನ್ನಂಥವರು ನಗುವ ರೂಢಿ.

ಅವಳ ರಕ್ತದ ಕಾಯಿಲೆಗೆ ಒಂದು ಉದ್ದನೆಯ ಹೆಸರಿದೆ, ಬರೆಯುವುದಿಲ್ಲ. ಕ್ಯಾನ್ಸರಿನಲ್ಲೇ ನಿಧಾನದ ಜಾತಿ. ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಿದರೆ ಅದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಮನುಷ್ಯರು ಕೆಲಸಕ್ಕೆ ಹೋಗಿ ಬಂದು ಬದುಕಬಹುದು ಎಂದರು ದೊಡ್ಡ ಡಾಕ್ಟರು. ತಪ್ಪಿಸಿದರೆ ಅದು ಎಚ್ಚರವಾಗುತ್ತದೆ. ಇದನ್ನು ಕೇಳಿ ನಾನು ಬೆರಗಾದೆ. ಹಾಸಿಗೆ ಇಲ್ಲ, ಸೂಜಿ ಇಲ್ಲ, ಕೂದಲು ಉದುರುವುದಿಲ್ಲ. ಕಡಲೆಕಾಳಿನಷ್ಟು ಒಂದು ಗುಳಿಗೆ, ಒಂದು ದೊಡ್ಡ ಲೋಟ ನೀರು. ಅಕ್ಕ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನೋಡಿ, ಅಚ್ಚು ಸರಿ ಇದೆಯೋ ಎಂದು ಪರೀಕ್ಷಿಸುವವಳ ಹಾಗೆ ತಿರುಗಿಸಿ, ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಮೊದಲು ಕೊಟ್ಟ ಗುಳಿಗೆ ಸರ್ಕಾರದ ಪಟ್ಟಿಯಲ್ಲಿತ್ತು. ನಮ್ಮಂಥವರ ಕೈಗೆ ಎಟುಕುವ ಬೆಲೆ. ಆದರೆ ಆರು ತಿಂಗಳ ಮೇಲೆ ರಕ್ತ ನೋಡಿದ ಡಾಕ್ಟರು, ಇದು ಇವರಿಗೆ ಹತ್ತುತ್ತಿಲ್ಲ, ಇನ್ನೊಂದಕ್ಕೆ ಹೋಗಬೇಕು ಎಂದರು. ಆ ಇನ್ನೊಂದು ಪಟ್ಟಿಯಲ್ಲಿರಲಿಲ್ಲ. ಅದರ ಪೆಟ್ಟಿಗೆಯನ್ನು ಮೆಡಿಕಲ್‌ನವನು ಕೌಂಟರಿನ ಮೇಲಿಟ್ಟಾಗ ಅಕ್ಕ ಮೊದಲು ನೋಡಿದ್ದು ಬೆಲೆಯ ಸಾಲನ್ನು. ಬಹಳ ಹೊತ್ತು ನೋಡಿದಳು.

"ತಪ್ಪ ಅಚ್ಚ ಆಗೇತೇನೋ ಅಂತ ನೋಡಿದೆ," ಅಂದಳು ಹೊರಗೆ ಬಂದ ಮೇಲೆ. "ಇಲ್ಲ. ಛಲೋ ಅಚ್ಚ ಐತಿ."

ವಿಮೆ ಇತ್ತು. ಅಕ್ಕನ ಗಂಡ, ನಾವು ಮಾಮಾ ಎನ್ನುವವರು, ಆರು ವರ್ಷದ ಹಿಂದೆ ತಮ್ಮ ಬಿಲ್ಡಿಂಗಿನಲ್ಲೇ ಇರುವ ಏಜೆಂಟನ ಒತ್ತಾಯಕ್ಕೆ ಇಬ್ಬರ ಹೆಸರಿಗೂ ಪಾಲಿಸಿ ಮಾಡಿಸಿದ್ದರು, ಒಂದು ವರ್ಷವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ವಿಮೆ, ಮನೆಯಲ್ಲಿ ನುಂಗುವ ಗುಳಿಗೆಗೆ ಯಾರು ಕೊಡುತ್ತಾರೆ ಎಂದು ನಾವು ತಿಳಿದಿದ್ದೆವು. ಏಜೆಂಟ್ ಹೇಳಿದ: ಇಲ್ಲ, ಈ ಥರದ ಗುಳಿಗೆಯೂ ಚಿಕಿತ್ಸೆಯೇ, ಅದನ್ನು ಹೊರಗಿಡುವಂತಿಲ್ಲ ಎಂದು ವಿಮಾ ಕಂಪನಿಗಳ ಮೇಲಿರುವ ಸರ್ಕಾರಿ ನಿಯಂತ್ರಕರು ನಿಯಮ ಮಾಡಿದ್ದಾರೆ. ಯಾರೋ ಕಾಣದ ಜನ ಎಲ್ಲೋ ಕೂತು, ಮಲಗದೇ ಇರುವ ರೋಗಿಯನ್ನೂ ರೋಗಿ ಎಂದು ಒಪ್ಪಿದ್ದರು. ಅಕ್ಕ ನನ್ನ ಕಡೆ ನೋಡಿದಳು, ನಾನು ನಗಲಿಲ್ಲ. ಕಾಗದಪತ್ರ ಕೊಟ್ಟೆವು.

ಒಂದು ತಿಂಗಳಿಗೆ ಉತ್ತರ ಬಂತು. ಕೊಡುವುದಿಲ್ಲ. ಕಾರಣ ಗುಳಿಗೆ ಅಲ್ಲ. ಆಸ್ಪತ್ರೆಯ ದಾಖಲೆಯ ಪ್ರಕಾರ ರೋಗಿಗೆ ಎಂಟು ವರ್ಷದಿಂದ ದಣಿವಿದೆ. ಪಾಲಿಸಿ ಆರು ವರ್ಷದ್ದು. ಆದ್ದರಿಂದ ಕಾಯಿಲೆಯ ಲಕ್ಷಣವನ್ನು ಪಾಲಿಸಿ ಮಾಡಿಸುವಾಗ ಬೇಕೆಂದೇ ಮುಚ್ಚಿಟ್ಟಿದ್ದಾರೆ.

ಮಾಮಾ ಓದಿದರು. ಅವರದು ಮಾತು ಕಡಿಮೆ. ಓದಿ ಕಾಗದವನ್ನು ನನ್ನ ಕೈಗೆ ಕೊಟ್ಟು, ಬಾಲ್ಕನಿಗೆ ಹೋಗಿ ನಿಂತರು.

"ಎಂಟು ವರ್ಷ ಅಂತ ಯಾರ ಹೇಳಿದ್ರು?" ಎಂದಳು ಅಕ್ಕ. ಅವಳಿಗೆ ಗೊತ್ತಿತ್ತು. ನಾನು ಹೇಳಲಿ ಎಂದು ಕೇಳಿದ್ದು.

"ನಾನ."

"ಅವ್ವನ ಶಾಣ್ಯಾ ಮಗ." ಆಮೇಲೆ ನಕ್ಕಳು. ನಕ್ಕಳೋ, ನಕ್ಕಳೆಂದು ನಾನು ಸೇರಿಸಿಕೊಂಡಿದ್ದೇನೋ. ನಗದೇ ಇದ್ದರೆ ಆ ಸಂಜೆ ನಾನು ಅಲ್ಲಿಂದ ಎದ್ದು ಹೋಗಲು ಆಗುತ್ತಿರಲಿಲ್ಲ, ಆದ್ದರಿಂದ ನಕ್ಕಿರಬೇಕು.

ಹಾಗಾದರೆ ನಿಜ ಏನು? ದಣಿವು ಯಾವಾಗಿನಿಂದ? ಇದನ್ನು ಪತ್ತೆ ಮಾಡಲು ನಾವು ಮೂವರು ಕೂತೆವು. ಸ್ಟೇಶನ್ನಿನ ಮೆಟ್ಟಿಲ ಮಧ್ಯದಲ್ಲಿ ನಿಂತು ಉಸಿರು ತೆಗೆದುಕೊಂಡದ್ದು ಗಣಪತಿ ಹಬ್ಬದ ಆಸುಪಾಸು ಎಂದರು ಮಾಮಾ. ಅದು ಅದರ ಹಿಂದಿನ ವರ್ಷದ ಹಬ್ಬ, ಅವತ್ತು ಕೈಯಲ್ಲಿ ಎರಡು ಚೀಲ ಇದ್ದವು, ಚೀಲ ಇದ್ದರೆ ಯಾರಾದರೂ ನಿಲ್ಲುತ್ತಾರೆ ಎಂದಳು ಅಕ್ಕ. ನಾನು ಫೋನಿನಲ್ಲಿ ಹಳೆಯ ಫೋಟೋ ತೆಗೆದೆ. ಒಂದರಲ್ಲಿ ಅವಳ ಮುಖ ಬಿಳುಪು. ಅದು ಲೈಟು ಎಂದಳು. ಇನ್ನೊಂದರಲ್ಲಿ ಕುರ್ಚಿಯ ಹಿಂಬದಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾಳೆ. ಅದು ನೀ ನಿನ್ನ ಕಥಿ ಓದಿ ತೋರಿಸಿದ ದಿನ ಎಂದಳು.

ನೆನಪನ್ನು ನಂಬಬಾರದು ಎಂದು ನಾನು ಕಥೆಗಳಲ್ಲಿ ಎಷ್ಟು ಸಲ ಬರೆದಿದ್ದೆನೋ. ಅದು ನನ್ನ ಸಂತೋಷವಾಗಿತ್ತು. ಆ ಸಂಜೆ ಮೊದಲ ಸಲ ನನಗೆ ಒಂದು ನಂಬಲರ್ಹ ನೆನಪು ಬೇಕಾಗಿತ್ತು, ತಾರೀಖು ಸಮೇತ. ಇರಲಿಲ್ಲ. ದಣಿವು ಇಂಥ ದಿನ ಹೊಸಿಲು ದಾಟಿ ಬಂತು ಎಂದು ಹೇಳುವಂತೆ ಅದು ಬಂದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಅಡಿಗೆ ಮಾಡಿ, ಎಂಟು ಗಂಟೆ ಟ್ಯೂಬ್‌ಲೈಟಿನ ಕೆಳಗೆ ಕೂತು, ಮತ್ತೆ ಅಡಿಗೆ ಮಾಡುವವಳ ಬದುಕಿನಲ್ಲಿ ಕಾಯಿಲೆಯ ದಣಿವು ಯಾವುದು, ಕಾಯಿಲೆಯಲ್ಲದ ದಣಿವು ಯಾವುದು?

ಏಜೆಂಟ್ ಮನೆಗೆ ಬಂದು ಉಪಾಯ ಹೇಳಿದ. ಮುಂಬಯಿಯಲ್ಲೇ ಹುಟ್ಟಿದ ಧಾರವಾಡದ ಕಡೆಯವನು. ಕನ್ನಡ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾನೆ. "ನೀವು ಲೇಖಕರ ಅಲ್ಲಾ? ಏಕ್ ಸಾಫ್ ಸುಥರಾ ಲೆಟರ್ ಬರೀರಿ. ದವಾಖಾನಿಗೆ ಬಂದಾಗ ದಣಿವು ಎರಡ ತಿಂಗಳದ್ದು. ಗಣಪತಿಯಾದ ಮ್ಯಾಲೆ ಸ್ಟಾರ್ಟ್ ಆತು. ದಟ್ಸ್ ಆಲ್. ಅವರ ಮುಂದ ಕನ್ಫ್ಯೂಶನ್ ಮತ್ ದಿಖಾವ್."

ಬರೆದೆ. ಚೆನ್ನಾಗಿಯೇ ಬಂತು. ಮೊದಲು ಆದದ್ದು ಮೊದಲು, ಆಮೇಲೆ ಆದದ್ದು ಆಮೇಲೆ. ನಾನು ಬರೆದದ್ದರಲ್ಲೆಲ್ಲ ಅಚ್ಚುಕಟ್ಟಾದದ್ದು ಅದೊಂದೇ. ಅಕ್ಕನಿಗೆ ಓದಿದೆ.

"ಇದರಾಗ ನಾ ಎಲ್ಲಿ ಅದೀನಿ?" ಅಂದಳು. "ಇದು ಯಾವಾಕಿದೋ ಬ್ಯಾರೆಯಾಕಿ ಕಥಿ. ಒಂದ ಸುಳ್ಳ ಹೇಳಿ ಇಷ್ಟಾತು. ಅದರ ಮ್ಯಾಲ ಇನ್ನೊಂದ ಚೀಟಿ ಅಂಟಸ್ತಿ?"

ಕಾಗದ ಮಡಚಿ ತನ್ನ ಹಾಸಿಗೆಯ ಕೆಳಗೆ ಇಟ್ಟಳು. ನಾನು ಮತ್ತೊಂದು ಪ್ರತಿ ಮಾಡದಿರಲಿ ಎಂದು ಹರಿಯಲಿಲ್ಲವಂತೆ. ಹರಿದರೆ ಮತ್ತೆ ಬರೆಯುತ್ತಾನೆ, ಇಟ್ಟರೆ ಸುಮ್ಮನಿರುತ್ತಾನೆ ಎಂದು ಮಾಮಾನ ಮುಂದೆ ಹೇಳಿದಳಂತೆ.

ಅದೇ ವಾರದಲ್ಲಿ ಇನ್ನೊಂದು ಕಂಡುಬಂತು. ಅಡಿಗೆಮನೆಯ ಶೆಲ್ಫಿನ ಮೇಲೆ ಅವಳ ಗುಳಿಗೆಯ ಸ್ಟ್ರಿಪ್ಪು ಇತ್ತು. ಅದನ್ನು ಹದಿನಾರು ದಿನದ ಹಿಂದೆ ಶುರುಮಾಡಿದ್ದು ನನಗೆ ಗೊತ್ತಿತ್ತು, ತಂದುಕೊಟ್ಟವನು ನಾನೇ. ಒಡೆದ ಗುಳ್ಳೆಗಳು ಎಂಟು ಮಾತ್ರ.

"ಅಕ್ಕಾ, ಇವು ಯಾಕ ಉಳದಾವ?"

ಅವಳು ಒಲೆಯ ಕಡೆ ಮುಖ ಮಾಡಿ ಹೇಳಿದಳು, "ಸೋಮವಾರ ಸೋಮವಾರ ನಾ ಉಪಾಸ ಮಾಡತೀನಲ್ಲ."

"ಸೋಮವಾರ ಎರಡ ಬಂದಾವ. ಉಳಿದ ಆರ ದಿನ?"

"ಗುಳಿಗಿಗೆ ನನಕಿಂತ ಭಕ್ತಿ ಭಾಳ. ಆ ರೇಟಿಗೆ ಅದೂ ಉಪಾಸ ಮಾಡತೈತಿ."

ಮಾಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಸ್ಟ್ರಿಪ್ಪಿನಿಂದ ಒಂದು ಗುಳಿಗೆ ಒತ್ತಿ ತೆಗೆದು, ಲೋಟಕ್ಕೆ ನೀರು ಹಾಕಿ, ಅವಳ ಮುಂದೆ ಹಿಡಿದು ನಿಂತರು. ಅವಳು ಸೌಟು ಬಿಟ್ಟು ನುಂಗಿದಳು. ಲೋಟದ ನೀರು ನೆಲಕ್ಕೆ ಚೆಲ್ಲಿತ್ತು. ಇದು ಮಾತ್ರ ನಾನು ಸೇರಿಸಿದ್ದಲ್ಲ. ಅದರ ಮೇಲೆ ನಾನು ಜಾರಿದೆ.

ಅವತ್ತು ಸಾಂತಾಕ್ರೂಜ್‌ಗೆ ಹಿಂತಿರುಗುವ ಲೋಕಲ್‌ನಲ್ಲಿ ಪಾಲಿಸಿಯ ಪುಸ್ತಕ ತೆರೆದೆ. ಆರು ವರ್ಷದಿಂದ ಪ್ಲಾಸ್ಟಿಕ್ ಚೀಲದಲ್ಲಿ ಇದ್ದದ್ದು, ಎಲ್ಲರ ಮನೆಯಲ್ಲಿ ಇರುವ ಹಾಗೆ. 'ನಿಯಮ ಮತ್ತು ಷರತ್ತುಗಳು.' ಅನ್ವಯಿಸುತ್ತವೆ ಎಂದು ಲೋಕಕ್ಕೆಲ್ಲ ಸಾರಿದವನು ಮೊದಲ ಸಲ ಓದತೊಡಗಿದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಮತ್ತೆ ಓದಿದೆ. ಸಣ್ಣ ಅಕ್ಷರ, ಎರಡು ಕಾಲಂ. ಬಾಂದ್ರಾ ಹತ್ತಿರ ಬಂದಾಗ ಆ ಪ್ಯಾರಾ ಸಿಕ್ಕಿತು. ಅದು ಬಾಂದ್ರಾವೇ ಎಂದು ಬರೆಯಲು ನನ್ನಂಥ ನೆನಪಿನವನಿಗೆ ಹಕ್ಕಿಲ್ಲ, ಆದರೂ ಅದನ್ನು ಓದಿ ತಲೆ ಎತ್ತಿದಾಗ ಕಿಟಕಿಯಲ್ಲಿ ಯಾವುದೋ ಒಂದು ಪ್ಲಾಟ್‌ಫಾರ್ಮು ಓಡುತ್ತಿತ್ತು.

ಆ ಪ್ಯಾರಾ ಹೇಳುತ್ತಿದ್ದುದು ಇಷ್ಟು: ಪಾಲಿಸಿ ತಪ್ಪದೆ ಐದು ವರ್ಷ ನಡೆದುಬಂದಿದ್ದರೆ, ಆಮೇಲೆ ಕಂಪನಿ ಹಿಂದಕ್ಕೆ ಹೋಗಿ ಅದನ್ನು ಮುಚ್ಚಿಟ್ಟಿರಿ, ಇದನ್ನು ತಪ್ಪು ಹೇಳಿದಿರಿ ಎಂದು ಕೆದಕುವಂತಿಲ್ಲ. ಬೇಕೆಂದೇ ಮೋಸ ಮಾಡಿದ್ದನ್ನು ಸಾಬೀತು ಮಾಡಿದರೆ ಮಾತ್ರ ಬೇರೆ ಮಾತು.

ಅದನ್ನು ಕಂಪನಿ ಪ್ರೀತಿಯಿಂದ ಬರೆದದ್ದಲ್ಲ. ಎಲ್ಲ ಕಂಪನಿಗಳೂ ಎಲ್ಲ ಪಾಲಿಸಿಯಲ್ಲೂ ಬರೆಯಲೇಬೇಕೆಂದು ನಿಯಂತ್ರಕರು ಬರೆಸಿದ್ದು. ನಾನು ನಿಂತಲ್ಲೇ ಅದನ್ನು ನಾಲ್ಕು ಸಲ ಓದಿದೆ. ಮನುಷ್ಯರಿಗೆ ತಮ್ಮ ಮೈಯ ಹಿಂದಿನ ದಿನಗಳು ನೆನಪಿರುವುದಿಲ್ಲ, ನೆನಪಿದೆ ಎಂದುಕೊಂಡದ್ದೂ ಸರಿ ಇರುವುದಿಲ್ಲ, ಆದ್ದರಿಂದ ಒಂದು ಗಡಿ ದಾಟಿದ ಮೇಲೆ ಆ ನೆನಪನ್ನು ಅವರ ವಿರುದ್ಧವೇ ಸಾಕ್ಷಿಗೆ ಕರೆಯಬಾರದು: ಇದನ್ನು ನಾನು ಇಪ್ಪತ್ತು ವರ್ಷದಿಂದ ಕಥೆಗಳಲ್ಲಿ ಹೇಳಲು ಒದ್ದಾಡುತ್ತಿದ್ದೆ. ಹೆಸರಿಲ್ಲದ ಯಾವುದೋ ಅಧಿಕಾರಿ ಇದನ್ನು ನಾಲ್ಕು ಸಾಲಿನಲ್ಲಿ ಬರೆದು, ಕೆಳಗೆ ಕ್ರಮಸಂಖ್ಯೆ ಹಾಕಿ, ಇಡೀ ದೇಶಕ್ಕೆ ಕಾನೂನು ಮಾಡಿ ಮನೆಗೆ ಹೋಗಿದ್ದ. ಅವನಿಗೂ ಒಬ್ಬ ಅಕ್ಕ ಇದ್ದಳೇನೋ. ಇಲ್ಲದಿದ್ದರೆ ಇನ್ನೂ ದೊಡ್ಡ ಮಾತು. ಕಾಣದ ಅಕ್ಕಂದಿರಿಗಾಗಿ ಬರೆದನೆಂದಾಯಿತು. ಸಾಂತಾಕ್ರೂಜ್‌ನಲ್ಲಿ ಇಳಿಯುವುದನ್ನು ಮರೆತು ವಿಲೆ ಪಾರ್ಲೆಗೆ ಹೋಗಿ ಹಿಂದಕ್ಕೆ ಬಂದೆ.

ಕಂಪನಿಗೆ ಬರೆದೆವು. ಅವರು, ಇದು ಬೇಕೆಂದೇ ಮಾಡಿದ ಮೋಸ, ಆದ್ದರಿಂದ ಆ ನಿಯಮ ಇಲ್ಲಿ ಬರುವುದಿಲ್ಲ ಎಂದರು. ಆಮೇಲೆ ವಿಮೆಯ ತಕರಾರು ಕೇಳಲೆಂದೇ ಇರುವ ಅಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿಗೆ ಶುಲ್ಕವಿಲ್ಲ. ಎರಡೂ ಕಡೆಯಿಂದ ವಕೀಲರು ಬರುವಂತಿಲ್ಲ. ಅವರವರ ಮಾತು ಅವರವರೇ ಆಡಬೇಕು. ಇದನ್ನು ಕೇಳಿದಾಗ ಅಕ್ಕ, "ಅಂದ್ರ ನೀನೂ ಬರಾಂಗಿಲ್ಲ?" ಎಂದಳು ಆಸೆಯಿಂದ. ಅರ್ಜಿಯಲ್ಲಿ ನಾನೇ ಸಾಕ್ಷಿ ಎಂದು ಬರೆದಾಗಿತ್ತು.

ಕಚೇರಿ ನನ್ನ ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಆ ಕಟ್ಟಡದ ಮುಂದೆ ವರ್ಷಗಟ್ಟಲೆ ವಡಾಪಾವ್ ತಿಂದಿದ್ದೇನೆ. ಮೇಲೆ ಇಂಥದ್ದೊಂದು ಕೋಣೆ ಇದೆ ಎಂದು ಗೊತ್ತಿರಲಿಲ್ಲ. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಫ್ಯಾನಿನ ಸದ್ದು. ಒಂದು ಕಡೆ ನಾವು ಮೂವರು. ಎದುರಿಗೆ ಕಂಪನಿಯ ಕಡೆಯಿಂದ ಒಬ್ಬ ಡಾಕ್ಟರು, ಮುಂದೆ ತೆರೆದ ಲ್ಯಾಪ್‌ಟಾಪ್. ತಲೆಯ ಕಡೆ ಅಧಿಕಾರಿ, ನಿವೃತ್ತಿಯ ವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೇರಿಸಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. ಅಲ್ಲಿ ನಡೆದದ್ದೆಲ್ಲ ಹಿಂದಿಯಲ್ಲಿ. ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ನಮ್ಮ ಭಾಷೆಯಲ್ಲಿ.

ಕಂಪನಿಯ ಡಾಕ್ಟರು ಆಸ್ಪತ್ರೆಯ ಕಾಗದ ಓದಿದರು. ಎಂಟು ವರ್ಷ. ಇದು ರೋಗಿಯ ಕಡೆಯವರೇ ಹೇಳಿದ್ದು, ನಾವು ಹೇಳಿಸಿದ್ದಲ್ಲ.

"ಇದನ್ನು ಹೇಳಿದವರು ಯಾರು?" ಎಂದರು ಅಧಿಕಾರಿ.

ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತುವ ಹಾಗೆ.

"ನಿಜವೇ?"

"ಅಲ್ಲ."

"ಹಾಗಾದರೆ ಎಷ್ಟು ವರ್ಷ?"

ಏಜೆಂಟನ ಎರಡು ತಿಂಗಳು ನಾಲಿಗೆಯ ತುದಿಯಲ್ಲಿತ್ತು. ಅಕ್ಕನ ಕಡೆ ನೋಡಲಿಲ್ಲ. "ಗೊತ್ತಿಲ್ಲ ಸಾಹೇಬರೆ," ಎಂದೆ. "ಬಹಳ ಪ್ರಯತ್ನ ಮಾಡಿದೆವು. ನಮ್ಮ ಊರಲ್ಲಿ ಡಾಕ್ಟರ ಮುಂದೆ ದೊಡ್ಡದು ಹೇಳುವ ರೂಢಿ. ಸಣ್ಣದು ಹೇಳಿದರೆ ನೋಡುವುದಿಲ್ಲ."

ಕಂಪನಿಯ ಡಾಕ್ಟರು ಮೆಲ್ಲಗೆ ನಕ್ಕರು. "ಅಂದರೆ ಈ ಕುಟುಂಬ ತಮಗೆ ಬೇಕಾದ ಹಾಗೆ ಹೇಳುತ್ತದೆ ಎಂದು ಇವರೇ ಒಪ್ಪುತ್ತಿದ್ದಾರೆ."

ಅದು ಸರಿಯಾದ ಮಾತಾಗಿತ್ತು. ಅಧಿಕಾರಿ ಅಕ್ಕನ ಕಡೆ ತಿರುಗಿ, ತಾವು ಏನು ಹೇಳುತ್ತೀರಿ ಎಂದರು.

ಅಕ್ಕ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡಳು. "ಸಾಹೇಬ್ರ, ನಾ ಡಬ್ಬಿ ಅಚ್ಚ ನೋಡಾಕಿ. ತಪ್ಪ ಅಚ್ಚಾಗಿದ್ದ ಡಬ್ಬಿ ಕಂಡ್ರ ತಗದು ಒಗಿತೀನಿ. ಈ ತಮ್ಮನೂ ತಪ್ಪ ಅಚ್ಚ ಆಗ್ಯಾನ, ಆದ್ರ ಒಗ್ಯಾಕ ಬರಂಗಿಲ್ಲ." ಮಾಮಾ ತಲೆ ತಗ್ಗಿಸಿದರು, ನಗು ಮುಚ್ಚಲು. ಅಕ್ಕ ನಿಲ್ಲಿಸಲಿಲ್ಲ. "ದಣಿವು ಯಾವಾಗಿಂದ ಅಂತ ಕೇಳತೀರಿ. ನನಗ ದಣಿವಿಲ್ಲದ ದಿನ ಯಾವುದಿತ್ತು ಅಂತ ಕೇಳ್ರಿ, ಅದನ್ನ ವಿಚಾರ ಮಾಡಿ ಹೇಳತೀನಿ. ಅದನ್ನ ಜಡ್ಡು ಅಂತ ಅನಕೊಂಡಿರಲಿಲ್ಲ. ಅನಕೊಂಡಿದ್ರ ಆವತ್ತ ದವಾಖಾನಿಗೆ ಹೋಗತಿದ್ದೆ. ಹೋಗಿದ್ರ ಚೀಟಿ ಇರತಿತ್ತು. ಹುಡುಕ್ರಿ. ನಿಮಗ ಒಂದ ಚೀಟಿ ಸಿಕ್ಕರ ನಾ ಎದ್ದು ಹೋಗತೀನಿ."

ಅಧಿಕಾರಿ ಕಂಪನಿಯ ಡಾಕ್ಟರ ಕಡೆ ನೋಡಿದರು. "ಸಿಕ್ಕಿದೆಯೇ?"

ಹಳೆಯ ಚೀಟಿ ಯಾವುದೂ ಸಿಕ್ಕಿರಲಿಲ್ಲ. ಹುಡುಕಿದ್ದರು, ಇರಲಿಲ್ಲ. ಅವರ ಹತ್ತಿರ ಇದ್ದದ್ದು ನನ್ನ ಒಂದು ಸಾಲು.

ಅಧಿಕಾರಿ ಕನ್ನಡಕ ಕೆಳಗಿಳಿಸಿಕೊಂಡು ಹೇಳಿದರು, "ಒಂದು ನನಗೆ ತಿಳಿಯುವುದಿಲ್ಲ. ಮೋಸ ಮಾಡಬೇಕೆಂದು ಆರು ವರ್ಷ ಮುಚ್ಚಿಟ್ಟುಕೊಂಡವರು, ಆಸ್ಪತ್ರೆಗೆ ಕಾಲಿಟ್ಟ ಮೊದಲ ದಿನವೇ, ತಮ್ಮನನ್ನು ಕರೆದುಕೊಂಡು ಹೋಗಿ, ಅದನ್ನು ಡಾಕ್ಟರ ಎದುರು ಕೂಗಿ ಹೇಳಿಸುತ್ತಾರೆಯೇ?"

ನನ್ನ ದಡ್ಡತನವೇ ಅಕ್ಕನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಮೇಜಿನ ಮೇಲೆ ಕೂತಿತ್ತು. ಅಧಿಕಾರಿ ಜೋರಾಗಿ ಮಾತಾಡಲಿಲ್ಲ, ಯಾರನ್ನೂ ಗದರಿಸಲಿಲ್ಲ. ಮುಂದಿನ ತಕರಾರಿನವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಒಟ್ಟು ಇಪ್ಪತ್ತು ನಿಮಿಷ ಆಗಿರಬಹುದು.

ಆದೇಶ ಬರುವವರೆಗಿನ ವಾರಗಳಲ್ಲಿ ಮಾಮಾ ದಿನಾ ಬೆಳಿಗ್ಗೆ ಲೋಟ ಹಿಡಿದು ನಿಂತರು. ಗುಳಿಗೆ ಎಲ್ಲಿಂದ ಹೇಗೆ ತಂದೆವು ಎಂಬುದು ಬೇರೆ ಮಾತು, ತಂದೆವು. ಒಂದು ಸ್ಟ್ರಿಪ್ಪು ಮುಗಿದು, ಇನ್ನೊಂದರಲ್ಲಿ ಐದು ಗುಳ್ಳೆ ಉಳಿದಿದ್ದಾಗ ಆದೇಶ ಬಂತು. ಐದು ಎಂದು ಅಕ್ಕ ಹೇಳುತ್ತಾಳೆ, ಮಾಮಾ ಎರಡು ಎನ್ನುತ್ತಾರೆ. ನಾನು ಈ ಜಗಳದಲ್ಲಿ ಬಾಯಿ ಹಾಕುವುದಿಲ್ಲ.

ಮೂರು ಪುಟ. ಕಂಪನಿ ಕೊಡಬೇಕು, ಮುಂದೆಯೂ ಈ ಕಾರಣ ಹೇಳಿ ತಡೆಯುವಂತಿಲ್ಲ. ನಡುವೆ ಆ ಪ್ಯಾರಾದ ಕ್ರಮಸಂಖ್ಯೆ. ಅದನ್ನು ಓದುವಾಗ ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು, ವಾರೆಯಾಗಿದೆಯೋ ಎಂದು ನೋಡುವವಳ ಹಾಗೆ ಕೊಂಚ ತಿರುಗಿಸಿದಳು. ಬೆರಳಿನಿಂದ ಆ ಸಾಲನ್ನು ಸವರಿದಳು.

"ಇದನ್ನ ಬರದಾಂವ ಯಾರೋ?" ಎಂದಳು.

"ಗೊತ್ತಿಲ್ಲ. ಹೆಸರಿಲ್ಲ."

"ಹೆಸರ ಇಲ್ದ ಇಷ್ಟ ಮಾಡತಾರ," ಎಂದು ಕಾಗದ ಮಡಚಿದಳು. "ನೀ ಹೆಸರ ಹಾಕಿ ಏನೇನ ಬರೀತಿ." ಆದೇಶವನ್ನು ಹಾಸಿಗೆಯ ಕೆಳಗೆ, ನಾನು ಬರೆದ ಆ ಅಚ್ಚುಕಟ್ಟಾದ ಕಾಗದದ ಪಕ್ಕದಲ್ಲೇ ಇಟ್ಟಳು. ಎರಡೂ ಈಗಲೂ ಅಲ್ಲೇ ಇವೆ.

ಮೊನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆವು. ಮೊದಲಿನ ಆ ಕಿರಿಯ ಡಾಕ್ಟರು ಇರಲಿಲ್ಲ. ಹೊಸಬ, ಕಾಗದದಿಂದ ಕಣ್ಣೆತ್ತದೆ ಬರೆಯುತ್ತಿದ್ದ. ಈ ಸಲ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ನಾನು ನಿಂತಿದ್ದೆ, ಇದನ್ನು ನೋಡಿಯೇ ಇಟ್ಟುಕೊಂಡಿದ್ದೇನೆ. ಕೈಬೆರಳು ಬೆಳಿಗ್ಗೆ ಜೋಮು ಹಿಡಿಯುತ್ತವೆ ಎಂದಳು ಅಕ್ಕ.

"ಯಾವಾಗಿನಿಂದ?" ಎಂದ ಅವನು ಹಿಂದಿಯಲ್ಲಿ.

ಅಕ್ಕ ಹಿಂದಕ್ಕೆ ತಿರುಗದೆಯೇ ಕೈ ಚಾಚಿ ನನ್ನ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿದಳು. "ನೀ ಸುಮ್ನಿರು," ಎಂದು ನನಗೆ ಹೇಳಿ, ಅವನಿಗೆ ಗೊತ್ತಿಲ್ಲವೆಂದೇ ಹೇಳಿದಳು: "ಮಾಲೂಮ್ ನಹೀ, ಡಾಕ್ಟರ್."

ಪೆನ್ನು ನಿಂತಿತು. ಅವನು ತಲೆ ಎತ್ತಿ, ಅವಳ ಮುಖ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಕೈ ತೋರಿಸಿ" ಎಂದ.